ಶಿಸ್ತಿನ ಕಾಲವನ್ನು ಹಂಬಲಿಸಿದ ಅಣ್ಣ

ಸಾಗರ ಸೀಮೆಯ 38 ವರ್ಷದ ಅಡಿಕೆ ಬೆಳೆಗಾರರೊಬ್ಬರು ಪತ್ನಿಯ ಒತ್ತಾಯಕ್ಕೆ ಕಟ್ಟುಬಿದ್ದು ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೊದಲು ಮಾತನಾಡಿದವರು ಪತ್ನಿ. "ಇವರು ಊಟಕ್ಕೆ ಕೂತಾಗಲೂ ನಮ್ಮ ಜೊತೆ ಇರುವುದಿಲ್ಲ ಮೇಡಂ, ಬಿದನೂರಿನಲ್ಲಿರುತ್ತಾರೆ" ಎಂದರು. ಬಿದನೂರು ಕೆಳದಿ ಅರಸರ ಹಳೆಯ ರಾಜಧಾನಿ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಕೋಟೆಗಳ ವಿಡಿಯೊ, ಹಗಲು ಹೊತ್ತು ಯಾರೊಡನೆಯೂ ಮಾತಿಲ್ಲ, ಎಲೆಚುಕ್ಕಿ ರೋಗ ತೋಟಕ್ಕೆ ಹಬ್ಬುತ್ತಿದ್ದರೂ ಔಷಧಿ ಹೊಡೆಸುವ ಕಡೆ ಗಮನವಿಲ್ಲ ಎಂಬುದು ಅವರ ದೂರು. ಮನೆಯ ಹಿರಿಯರೊಬ್ಬರು ಇದನ್ನು ಬುದ್ಧಿಭ್ರಮಣೆ ಎಂದೇ ತೀರ್ಮಾನಿಸಿದ್ದರು.

ಪತ್ನಿಯನ್ನು ಹೊರಗೆ ಕೂರಲು ಹೇಳಿ, ಕೇಳಲೇಬೇಕಾದ ಪ್ರಶ್ನೆಗಳನ್ನು ಮೊದಲು ಕೇಳಿದೆ. ಇಲ್ಲದ ಧ್ವನಿ ಕೇಳಿಸುತ್ತದೆಯೇ, ತಾನು ಬೇರೆ ಕಾಲದವನೆಂಬ ನಂಬಿಕೆ ಗಟ್ಟಿಯಾಗಿದೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂಬ ಮೂರಕ್ಕೂ ಅವರು ಸ್ಪಷ್ಟವಾಗಿ ಇಲ್ಲವೆಂದರು. "ನಾನು ಯಾವ ಇಸವಿಯಲ್ಲಿದ್ದೇನೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದೇ ಕಷ್ಟ" ಎಂಬ ಅವರ ಮಾತನ್ನು ಅಂದೇ ಬರೆದಿಟ್ಟುಕೊಂಡೆ. ಭ್ರಮೆಯ ಲಕ್ಷಣವಿರಲಿಲ್ಲ. ನಿದ್ದೆ ಕೆಟ್ಟಿತ್ತು, ಹಸಿವು ಕುಗ್ಗಿತ್ತು, ಖಿನ್ನತೆಯ ಆರಂಭದ ಛಾಯೆಯಿತ್ತು. ಆ ಕಾರಣಕ್ಕೆ ಮನೋವೈದ್ಯರನ್ನು ಒಮ್ಮೆ ಕಾಣಲು ಸೂಚಿಸಿದೆ, ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ಹಂಬಲವನ್ನೇ ರೋಗವೆಂದು ಕರೆದ ಕಾಲವೂ ಇತ್ತು. ಕೆಳದಿಯ ಚೆನ್ನಮ್ಮ ಬಿದನೂರಿನಲ್ಲಿ ಆಳುತ್ತಿದ್ದಾಗಲೇ, 1688ರಲ್ಲಿ, ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಊರು ಬಿಟ್ಟವರ ಕೊರಗಿಗೆ ಗ್ರೀಕಿನ 'ಮರಳುವಿಕೆ' ಮತ್ತು 'ನೋವು' ಎಂಬ ಎರಡು ಪದಗಳನ್ನು ಬೆಸೆದು 'ನಾಸ್ಟಾಲ್ಜಿಯ' ಎಂಬ ಹೆಸರು ಕಟ್ಟಿದ. ಅವನ ರೋಗಿಗೆ ಔಷಧಿ ಸುಲಭವಿತ್ತು, ಊರಿಗೆ ಕಳುಹಿಸಿದರಾಯಿತು. ಕಾಲಕ್ಕಾಗಿ ಕೊರಗುವವರನ್ನು ಎಲ್ಲಿಗೆ ಕಳುಹಿಸುವುದು? ಮನೆಯವರು ಇಂಥವರಿಗೆ ಸಾಮಾನ್ಯವಾಗಿ ಸಿಡುಬು, ಬರ, ಯುದ್ಧಗಳ ಪಟ್ಟಿ ಒಪ್ಪಿಸಿ "ಆಗ ಹುಟ್ಟಿದ್ದರೆ ಹತ್ತು ವರ್ಷ ಬದುಕುತ್ತಿರಲಿಲ್ಲ" ಎನ್ನುತ್ತಾರೆ. ಅದರಿಂದ ಫಲ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆ ಪಟ್ಟಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾಗಿ ಯಾವ ಕಾಲ, ಅಲ್ಲಿ ಏನಿದೆ ಎಂದು ಕೇಳಿದೆ. 1645ರಿಂದ 1660ರವರೆಗಿನ, ಕೆಳದಿಯ ಅರಸ ಶಿವಪ್ಪನಾಯಕನ ಆಳ್ವಿಕೆ ಎಂದರು. ಇಷ್ಟು ನಿರ್ದಿಷ್ಟವಾದ ಹಂಬಲ ಅಪರೂಪ. ಸಾಮಾನ್ಯವಾಗಿ ಜನ ರಾಜವೈಭವವನ್ನೋ ಕಾಡಿನ ನಡುವಿನ ಶಾಂತಿಯನ್ನೋ ಬಯಸುತ್ತಾರೆ, ಇವರು ಬಯಸಿದ್ದು ಒಂದು ಕಂದಾಯ ಪದ್ಧತಿಯನ್ನು. ಬೇರೆ ಬೇರೆ ದರ್ಜೆಯ ಭೂಮಿಯನ್ನು 12 ವರ್ಷ ಅರಮನೆಯ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದ ಆ ಏರ್ಪಾಡೇ ನಮ್ಮ ಸೀಮೆಯಲ್ಲಿ ಇಂದಿಗೂ 'ಶಿವಪ್ಪನಾಯಕನ ಶಿಸ್ತು' ಎಂದು ನೆನಪಿನಲ್ಲಿ ಉಳಿದಿದೆ. ಅಡಿಕೆ ತೋಟದ ಅಳತೆಗೋಲಿಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮೆಟ್ಟಿಲುಗಲ್ಲಿನ ಉದ್ದವೇ ಪ್ರಮಾಣವಾಗಿತ್ತೆಂಬ ಮಾತನ್ನು ಹೇಳುವಾಗ ಅವರು ಎರಡೂ ಕೈಗಳನ್ನು ಅಗಲಿಸಿ ಮೇಜಿನ ಅಂಚಿನ ಮೇಲಿಟ್ಟರು, ಕಲ್ಲು ಅಲ್ಲೇ ಇದೆಯೋ ಎಂಬಂತೆ. ಚಿಕ್ಕಂದಿನಲ್ಲಿ ಆ ಕಲ್ಲಿನ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆಯುತ್ತಿದ್ದರಂತೆ. "ಒಂದು ಕಲ್ಲು, ಎಲ್ಲರಿಗೂ ಅದೇ ಅಳತೆ. ಯಾರೂ ತಕರಾರು ತೆಗೆಯುವಂತಿರಲಿಲ್ಲ" ಎಂದರು.

ಆ ಕಲ್ಲನ್ನು ಯಾರ ಜೊತೆ ಅಳೆಯುತ್ತಿದ್ದಿರಿ ಎಂದು ಕೇಳಿದ್ದಕ್ಕೆ, "ತಂಗಿ ಜೊತೆ" ಎಂದು ಸುಮ್ಮನಾದರು.

ಎರಡನೆಯ ಭೇಟಿಯಲ್ಲಿ ಉಳಿದ ವಿಷಯ ಹೊರಬಂತು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ವರ್ಷಾಂತಿಕ ಕಳೆದ ಕೆಲವು ತಿಂಗಳಿಗೆ ತಂಗಿ ವಕೀಲರ ಮೂಲಕ ನೋಟಿಸ್ ಕಳುಹಿಸಿ ಪಿತ್ರಾರ್ಜಿತ ತೋಟದಲ್ಲಿ ತನ್ನ ಪಾಲನ್ನು ಕೇಳಿದ್ದಳು. ನೋಟಿಸ್ ಬಂದ ದಿನದಿಂದ ಅಣ್ಣ ತಂಗಿಯ ನಡುವೆ ಮಾತು ನಿಂತಿತ್ತು. ರಾತ್ರಿಯಿಡೀ ಕೋಟೆಗಳಲ್ಲಿ ಅಲೆಯುವುದು ಶುರುವಾದದ್ದೂ ಅದೇ ತಿಂಗಳಿನಿಂದ. ಕಾನೂನಿನ ಬಗ್ಗೆ ಅವರಿಗೆ ಗೊಂದಲವಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿರುವುದೂ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತಪಡಿಸಿರುವುದೂ ತಿಳಿದಿತ್ತು. ಪಾಲು ಕೊಡಲು ಮನಸ್ಸಿಲ್ಲವೆಂದೂ ಅವರು ಹೇಳಲಿಲ್ಲ. "ಬಂದು ಕೇಳಬಹುದಿತ್ತಲ್ಲ, ರಿಜಿಸ್ಟರ್ ಪೋಸ್ಟಿನಲ್ಲಿ ಯಾಕೆ ಕೇಳಿದಳು" ಎಂಬುದೊಂದನ್ನೇ ಮತ್ತೆ ಮತ್ತೆ ಹೇಳಿದರು.

ಅಂದು ಅವರಿಗೊಂದು ಕೆಲಸ ಕೊಟ್ಟೆ. ನೀವು ಬಯಸುವ ಕಾಲದ ಒಂದೇ ಒಂದು ದಿನವನ್ನು, ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ, ನಿಮ್ಮ ಮನೆಯ ಪ್ರತಿಯೊಬ್ಬರೂ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಸೇರಿಸಿ ಬರೆದು ತನ್ನಿ ಎಂದೆ. ಹದಿನೈದು ದಿನ ಬಿಟ್ಟು ನಾಲ್ಕು ಪುಟ ತಂದರು. ತೋಟ, ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟ, ಅಡಿಕೆ ಗೊನೆಗಳ ಕೊಯ್ಲು, ಅಳತೆಗೆ ಬಂದ ಶಾನುಭೋಗ, ಎಲ್ಲವೂ ಅಚ್ಚುಕಟ್ಟಾಗಿತ್ತು. ತಂಗಿ ಎಲ್ಲಿಯೂ ಇರಲಿಲ್ಲ. ನಾನು ಅದನ್ನು ಎತ್ತಿ ತೋರಿಸುವ ಮೊದಲೇ ಅವರು ಕೊನೆಯ ಪುಟವನ್ನು ಮಡಿಸುತ್ತಾ, "ಬರೆಯಲಿಕ್ಕೆ ಹೋದೆ ಮೇಡಂ, ಆ ತಮಟೆಯವನ ಹೆಂಡತಿ ನೆನಪಾದಳು" ಎಂದರು. 1623ರಲ್ಲಿ, ವೆಂಕಟಪ್ಪನಾಯಕ ಆಳುತ್ತಿದ್ದಾಗ, ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಸಹಗಮನಕ್ಕೆ ಹೊರಟ ಹೆಂಗಸೊಬ್ಬಳನ್ನು ಅವಳ ಮನೆಯಲ್ಲೇ ಕಂಡು ಮಾತನಾಡಿಸಿದ, ಬೇಡವೆಂದು ತಡೆಯಲು ನೋಡಿದ ಸಂಗತಿಯನ್ನು ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಆಕೆಯ ಗಂಡ ವಾದ್ಯ ಬಾರಿಸುವವನಾಗಿದ್ದ. ಅದೇ ಪತ್ರಗಳಲ್ಲಿ ಇಕ್ಕೇರಿಯ ಬೀದಿಯಲ್ಲಿ ಕೋಲಾಟವಾಡುವ ಹುಡುಗಿಯರೂ ಇದ್ದಾರೆ. ಇಷ್ಟು ದಿನ ಅವರು ಕೋಲಾಟವನ್ನಷ್ಟೇ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅದು ಶಿವಪ್ಪನಾಯಕನಿಗಿಂತ ಇಪ್ಪತ್ತು ವರ್ಷ ಹಿಂದಿನ ಸಂಗತಿ ಎಂದು ತಾವೇ ವಾದ ಹೂಡಲು ಹೊರಟು, ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: ತಕರಾರು ತೆಗೆಯುವಂತಿಲ್ಲದ ಕಾಲ ಎಂದರೆ ತಂಗಿ ಬಾಯಿ ತೆರೆಯುವಂತಿಲ್ಲದ ಕಾಲ ಎಂದು ತನಗೆ ಹೊಳೆದಿರಲಿಲ್ಲ, ಅವಳ ಬಾಯಿ ಮುಚ್ಚಿಸುವುದು ತನಗೆ ಬೇಕಿಲ್ಲ.

ಇತಿಹಾಸದ ಮೇಲಿನ ಅವರ ಪ್ರೀತಿಯನ್ನೆಲ್ಲ ಕುಟುಂಬದ ನೋವಿನ ಮುಖವಾಡವೆಂದು ಬಗೆದರೆ ತಪ್ಪಾಗುತ್ತದೆ. ನೋಟಿಸಿಗೆ ಎಷ್ಟೋ ಮೊದಲೇ ಆ ಪ್ರೀತಿ ಇತ್ತು, ಅದು ಅವರ ಒಳ್ಳೆಯ ಭಾಗ. ಅದನ್ನು ಬಿಡಿಸಲು ಹೋಗಬಾರದೆಂದು ಪತ್ನಿಗೂ ಹೇಳಿದೆ. ನಾನು ಕೇಳಿಕೊಂಡದ್ದು ಅದರ ಹೊತ್ತು ಮತ್ತು ಜಾಗವನ್ನು ಬದಲಿಸಲು ಮಾತ್ರ. ರಾತ್ರಿ ಹತ್ತರ ನಂತರ ಮೊಬೈಲು ಅಡುಗೆಮನೆಯ ಕಪಾಟಿನಲ್ಲಿರಬೇಕು. ಬದಲಿಗೆ ವಾರಕ್ಕೊಂದು ಅರ್ಧ ದಿನ, ಮನೆಯವರ ಒಪ್ಪಿಗೆಯಿಂದಲೇ, ಕೆಳದಿಯ ವಸ್ತುಸಂಗ್ರಹಾಲಯಕ್ಕೋ ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೋ ಹೋಗಬೇಕು. ಸಾಧ್ಯವಾದರೆ ಹಳೆಯ ದಾಖಲೆಗಳಲ್ಲಿ ಬಳಸುತ್ತಿದ್ದ ಮೋಡಿ ಲಿಪಿಯನ್ನೂ ಹಳೆಯ ಕಡತಗಳನ್ನೂ ಓದಲು ಕಲಿಯಬೇಕು. ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆದ ಒಂದು ಲೆಕ್ಕವನ್ನು ಬಿಡಿಸಲು ಕುಳಿತವನಿಗೆ ಆ ಕಾಲದಲ್ಲೂ ಬಾಕಿ, ತಕರಾರು, ಅರ್ಜಿಗಳಿದ್ದವೆಂಬುದು ತಾನಾಗಿಯೇ ಕಾಣುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ತಂಗಿಯ ವಿಷಯದಲ್ಲಿ ಎರಡು ಮಾತು ಹೇಳಿದೆ. ನೋಟಿಸಿನ ಬಳಿಕ ಅವಳು ಹೂಡಿರುವ ದಾವೆಯನ್ನು ಹಿಂತೆಗೆದುಕೊಳ್ಳುವಂತೆ ಕೇಳಬೇಡಿ, ಅದು ಅವಳ ಹಕ್ಕು. ನ್ಯಾಯಾಲಯದ ಮಧ್ಯಸ್ಥಿಕೆಗೆ ಕರೆದರೆ ತಪ್ಪಿಸದೆ ಹೋಗಿ. ಇನ್ನೊಂದು, ವಕೀಲರ ಮೂಲಕವಲ್ಲದೆ, ಆಸ್ತಿಯ ಹೆಸರೆತ್ತದೆ, ಒಂದು ಕಾಗದ ಬರೆಯಿರಿ. ನೋಟಿಸಿನಿಂದ ನೋವಾಯಿತು ಎಂದು ಬರೆಯಲು ಹಿಂಜರಿಯಬೇಡಿ, ಆದರೆ ತಂದೆಯ ಕಾಯಿಲೆಯ ದಿನಗಳಲ್ಲಿ ಅವಳಿಗೆ ಏನು ನೋವಾಗಿತ್ತೆಂದು ಕೇಳುವ ಒಂದು ಸಾಲೂ ಅದರಲ್ಲಿರಲಿ. ಆ ಸಾಲು ಬರೆಯಲು ಅವರಿಗೆ ಮೂರು ವಾರ ಹಿಡಿಯಿತು.

ಆರು ಭೇಟಿಗಳಾಗಿವೆ. ನಿದ್ದೆ ಸುಧಾರಿಸಿದೆ, ತೋಟಕ್ಕೆ ಔಷಧಿ ಹೊಡೆಸಿದ್ದಾರೆ, ದಾವೆ ಇನ್ನೂ ನಡೆಯುತ್ತಿದೆ. ತೋಟದ ಅಳತೆಗೆ ಸರ್ವೆಯವರು ಬಂದ ದಿನ ತಂಗಿಯೂ ಬಂದಿದ್ದಳಂತೆ. ಬೇಲಿಯ ಹತ್ತಿರ ನಿಂತು ಇಬ್ಬರೂ ಅಮ್ಮನ ಮಂಡಿನೋವಿನ ಔಷಧಿಯ ಬಗ್ಗೆ ಮಾತ್ರ ಮಾತನಾಡಿದರಂತೆ, ಬೇರೇನೂ ಆಡಲಿಲ್ಲ. ಮುಂದಿನ ಭೇಟಿಯನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ.