ಶಾರ್ಪ್ ಶ್ರೀರಂಗಪಟ್ಟಣಕ್ಕೆ ಯಾಕೆ ಬರಲಿಲ್ಲ?

ಹೋದ ಸಂಚಿಕೆಯಲ್ಲಿ ಬರ್ನಾರ್ಡ್ ಕಾರ್ನ್‌ವೆಲ್ ಅವರ ‘ಶಾರ್ಪ್’ ಕಾದಂಬರಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನೆಪೋಲಿಯನ್ ಕಾಲದ ಒಬ್ಬ ಬಡ ಇಂಗ್ಲಿಷ್ ಸೈನಿಕನ ಕಥೆ. ಬ್ರಿಟನ್ನಿನ ಐಟಿವಿ ಅದನ್ನು ಕಿರುತೆರೆಗೂ ತಂದಿತ್ತು. ಅಷ್ಟಕ್ಕೇ ಪತ್ರಗಳು ರಾಶಿ ಬಿದ್ದಿವೆ. ಈ ಸಲ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ‘ಶಾರ್ಪ್ಸ್ ಟೈಗರ್’ ಓದಿದೆ. ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯ ಕಥೆ. ಸೀರಿಯಲ್ಲಿನಲ್ಲಿ ಆ ಭಾಗ ಹುಡುಕಿ ಹುಡುಕಿ ಸಾಕಾಯಿತು. ಎಲ್ಲಿದೆ? — ಓದುಗರು, ಮಂಡ್ಯ

ಉತ್ತರ: ಇಲ್ಲ. ನೀವು ಹುಡುಕುವುದನ್ನು ಬಿಡಬಹುದು.

ಮೊದಲ ಶಾರ್ಪ್ ಕಾದಂಬರಿ ಬಂದದ್ದು 1981ರಲ್ಲಿ. ಅದರಲ್ಲಿ ಶಾರ್ಪ್ ಆಗಲೇ ಸ್ಪೇನಿನಲ್ಲಿರುವ ಅಧಿಕಾರಿ. ಐಟಿವಿ 1993ರಿಂದ 1997ರವರೆಗೆ 14 ಚಿತ್ರ ಮಾಡಿತು, ನೆಪೋಲಿಯನ್ ಕೊನೆಗೆ ಸೋತ ವಾಟರ್ಲೂ ಯುದ್ಧದವರೆಗೆ ಬಂದು ನಿಲ್ಲಿಸಿತು. ಕಾರ್ನ್‌ವೆಲ್ ಹಿಂದಕ್ಕೆ ಹೋಗಿ ಶಾರ್ಪ್‌ನ ಸಿಪಾಯಿ ದಿನಗಳನ್ನು, ಅಂದರೆ 1799ರ ಶ್ರೀರಂಗಪಟ್ಟಣವನ್ನು ಬರೆದ ‘ಟೈಗರ್’ ಹೊರಬಂದದ್ದೂ 1997ರಲ್ಲೇ. ಅಷ್ಟು ಹೊತ್ತಿಗೆ ಶಾರ್ಪ್ ಪಾತ್ರಧಾರಿ ಶಾನ್ ಬೀನ್‌ಗೆ 38. ಕಥೆಯ ಶಾರ್ಪ್‌ಗೆ ಇಪ್ಪತ್ತೆರಡರ ಆಸುಪಾಸು. ಮೇಕಪ್ಪಿನಿಂದ ಆಗುವ ಕೆಲಸವಲ್ಲ ಅದು.

2006ರಲ್ಲಿ ಮತ್ತೆ ಚಿತ್ರ ಮಾಡಬೇಕು ಅಂದುಕೊಂಡಾಗ ಒಂದು ಉಪಾಯ ಹೂಡಿದರು. ಕಥೆಯನ್ನೇ ಶಾರ್ಪ್‌ಗೂ ವಯಸ್ಸಾಗಿರುವ 1817ಕ್ಕೆ ಎತ್ತಿಕೊಂಡು ಹೋದರು. ಅದೇ ‘ಶಾರ್ಪ್ಸ್ ಚಾಲೆಂಜ್’. ಚಿತ್ರೀಕರಣ ರಾಜಸ್ಥಾನದಲ್ಲಿ. ಟಿಪ್ಪುವಿನ ಜಾಗದಲ್ಲಿ ಒಬ್ಬ ಕಾಲ್ಪನಿಕ ಮರಾಠ ರಾಜಕುಮಾರ, ಕಾವೇರಿಯ ಜಾಗದಲ್ಲಿ ಮರಳು. ಓಡಿಬಂದ ಸಿಪಾಯಿಯ ವೇಷದಲ್ಲಿ ಶತ್ರುವಿನ ಕೋಟೆಯೊಳಗೆ ನುಗ್ಗುವುದು, ಗೋಡೆಯೊಳಗೆ ಮದ್ದು ತುಂಬಿಟ್ಟು ಕಾಯುವುದು, ಇಂಥವನ್ನೆಲ್ಲ ‘ಟೈಗರ್’ನಿಂದಲೇ ತೆಗೆದುಕೊಂಡಿದ್ದಾರೆ. ಊರನ್ನು ಮಾತ್ರ ಬಿಟ್ಟುಬಿಟ್ಟರು.

ನನ್ನ ತಕರಾರು ಅಲ್ಲೇ. ಆ ಕಾದಂಬರಿಯ ಜೀವ ಇರುವುದೇ ಊರಿನಲ್ಲಿ. ಮೇ ತಿಂಗಳಲ್ಲಿ ಹೊಳೆ ಬತ್ತಿ ಬಂಡೆ ಕಾಣುತ್ತಿದೆ. ಮಳೆ ಹಿಡಿದರೆ ಕಾವೇರಿ ತುಂಬುತ್ತದೆ, ಮುತ್ತಿಗೆ ಹಾಕಿದವರೇ ಸಿಕ್ಕಿಬೀಳುತ್ತಾರೆ. ಹಾಗಾಗಿ ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ಗೆ ಆತುರ. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಕೋಟೆಯ ವಾಯವ್ಯ ಮೂಲೆಯಲ್ಲಿ ಒಡೆದ ಗೋಡೆಯತ್ತ ಸೈನಿಕರು ಹೊಳೆಗೆ ಇಳಿದರು. ಮುಂದೆ ನಿಂತು ನಡೆಸಿದವನು ಬ್ರಿಟಿಷ್ ಅಧಿಕಾರಿ ಬೇರ್ಡ್. ಹಿಂದೆ ಇದೇ ಊರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಇದನ್ನು ಮರುಭೂಮಿಯಲ್ಲಿ ತೆಗೆಯುವುದು ಹೇಗೆ ಹೇಳಿ?

ಮೈಸೂರಿನಲ್ಲಿ ನಾನು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದ ಕಾಲದಲ್ಲಿ ‘ಟೈಗರ್’ನ ಒಂದು ಪ್ರತಿ ಇತ್ತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕೊಳೆಯಾಗಿದ್ದ ಪುಟ ನಕ್ಷೆಯದ್ದು. ಭಾನುವಾರ ಪಟ್ಟಣಕ್ಕೆ ಹೋಗುವವರು ಪುಸ್ತಕವನ್ನೂ ಹಿಡಿದುಕೊಂಡು ಹೋಗುತ್ತಿದ್ದರು. ಒಬ್ಬರಂತೂ ತಾವು ಬಸ್ಸಿಳಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ವಾಪಸ್ ಕೊಟ್ಟಿದ್ದರು. ದಂಡ ಹಾಕಲು ಮನಸ್ಸು ಬರಲಿಲ್ಲ.

ಪ್ರಶ್ನೆ: ಆ ಪುಸ್ತಕದಲ್ಲಿ ಟಿಪ್ಪುವನ್ನು ಕೊಲ್ಲುವವನೇ ಶಾರ್ಪ್ ಅಂತೆ. ಇದು ಇತಿಹಾಸಕ್ಕೆ ಮಾಡಿದ ಅನ್ಯಾಯ ಅಲ್ವಾ? — ಓದುಗರು, ಶ್ರೀರಂಗಪಟ್ಟಣ

ಉತ್ತರ: ನನಗೆ ಹಾಗೆ ಅನ್ನಿಸುವುದಿಲ್ಲ. ಟಿಪ್ಪುವನ್ನು ಕೊಂದ ಸಿಪಾಯಿ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಗಾಯಗೊಂಡು ಬಿದ್ದಿದ್ದ ಸುಲ್ತಾನನ ಕತ್ತಿಯ ಪಟ್ಟಿಗೆ ಒಬ್ಬ ಕೈಹಾಕಿದ, ಸುಲ್ತಾನ ಕತ್ತಿ ಬೀಸಿದ, ಸಿಪಾಯಿ ತಲೆಗೆ ಗುಂಡು ಹೊಡೆದ ಅನ್ನುವುದು ಹಳೆಯ ಹೇಳಿಕೆ. ಅವನ ಹೆಸರು ಎಲ್ಲೂ ಇಲ್ಲ. ಮೈಮೇಲಿದ್ದ ಒಡವೆಯನ್ನು ಕದ್ದವನು ‘ನಾನೇ’ ಅಂತ ಮುಂದೆ ಬಂದಾನೆಯೇ? ಆ ಖಾಲಿ ಜಾಗದಲ್ಲಿ ಕಾರ್ನ್‌ವೆಲ್ ತನ್ನ ನಾಯಕನನ್ನು ಕೂರಿಸಿದ. ಐತಿಹಾಸಿಕ ಕಾದಂಬರಿಕಾರ ಹುಡುಕುವುದೇ ಇಂಥ ಖಾಲಿ ಜಾಗವನ್ನು. ತುಂಬಿದ ಜಾಗದಿಂದ ಒಬ್ಬರನ್ನು ಎಬ್ಬಿಸಿ ಕೂರಿಸಿದ್ದರೆ ನಾನೂ ನಿಮ್ಮ ಜೊತೆ ಜಗಳಕ್ಕೆ ಬರುತ್ತಿದ್ದೆ.

ಪ್ರಶ್ನೆ: ಪುಸ್ತಕದ ಶಾರ್ಪ್‌ಗೆ ಕಪ್ಪು ಕೂದಲು, ಲಂಡನ್ನಿನವನು. ಟಿವಿಯಲ್ಲಿ ಹೊಂಬಣ್ಣದ ಕೂದಲು, ಮಾತೂ ಬೇರೆ. ಲೇಖಕರು ಸುಮ್ನೆ ಇದ್ದರಾ? — ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸುಮ್ನೆ ಇರಲಿಲ್ಲ, ಸೋತು ಹೋದರು!

ಮೊದಲು ಆ ಪಾತ್ರಕ್ಕೆ ಆರಿಸಿದ್ದು ಪಾಲ್ ಮೆಕ್‌ಗ್ಯಾನ್ ಎಂಬ ನಟನನ್ನು. ಯುಕ್ರೇನಿನ ಕ್ರೈಮಿಯದಲ್ಲಿ ಚಿತ್ರೀಕರಣ ಶುರುವಾದ ಕೆಲವೇ ದಿನಕ್ಕೆ ಆತ ಫುಟ್‌ಬಾಲ್ ಆಡಲು ಹೋಗಿ ಮಂಡಿಗೆ ಪೆಟ್ಟು ಮಾಡಿಕೊಂಡ. ಆಗ ಬಂದವನು ಶಾನ್ ಬೀನ್. ಯಾರ್ಕ್‌ಷೈರಿನ ಶೆಫೀಲ್ಡ್‌ನವನು. ಬಾಯಿ ತೆರೆದರೆ ಆ ಸೀಮೆಯ ಮಾತು. ಅಧಿಕಾರಿಗಳ ನಡುವೆ ಸಿಪಾಯಿ ಮೂಲದ ಶಾರ್ಪ್ ಹೊರಗಿನವನು ಅಂತ ಪುಸ್ತಕ ಪುಟಗಟ್ಟಲೆ ಹೇಳುತ್ತದೆ. ಈತ ಒಂದು ಮಾತಾಡಿದರೆ ಸಾಕು, ಅದು ಗೊತ್ತಾಗಿಬಿಡುತ್ತದೆ.

ಕಾರ್ನ್‌ವೆಲ್ 1995ರ ‘ಶಾರ್ಪ್ಸ್ ಬ್ಯಾಟಲ್’ ಕಾದಂಬರಿಯನ್ನು ಆ ನಟನಿಗೇ ಅರ್ಪಿಸಿದರು. ಆಮೇಲಿನ ಪುಸ್ತಕಗಳಲ್ಲಿ ಶಾರ್ಪ್ ಹುಡುಗನಿದ್ದಾಗ ಲಂಡನ್ ಬಿಟ್ಟು ಯಾರ್ಕ್‌ಷೈರಿಗೆ ಓಡಿಹೋಗಿದ್ದ ಅಂತ ಒಂದು ಹಿನ್ನೆಲೆ ಸೇರಿಕೊಂಡಿತು. ಟಿವಿಯಿಂದ ಪುಸ್ತಕಕ್ಕೆ ಹೋದ ಸಂಗತಿ ಇದು. ಇಂಥದ್ದು ಅಪರೂಪ.

ಪ್ರಶ್ನೆ: ವಾಟರ್ಲೂ ಯುದ್ಧ ಅಂತ ತೋರಿಸುತ್ತಾರೆ. ಎಣಿಸಿದರೆ ನಮ್ಮೂರ ಜಾತ್ರೆಯ ಕಾಲು ಭಾಗ ಜನರಿಲ್ಲ. ಇದಕ್ಕೆ ಯಾಕೆ ಇಷ್ಟು ಹೊಗಳಿಕೆ? — ಓದುಗರು, ಧಾರವಾಡ

ಉತ್ತರ: ನಿಮ್ಮ ಲೆಕ್ಕ ಸರಿ. ನಿಜವಾದ ವಾಟರ್ಲೂನಲ್ಲಿ ಎರಡೂ ಕಡೆ ಸೇರಿ 1 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಟಿವಿಯವರ ಹತ್ತಿರ ಅಷ್ಟು ಜನರೂ ಇರಲಿಲ್ಲ, ದುಡ್ಡೂ ಇರಲಿಲ್ಲ. ದೊಡ್ಡ ಯುದ್ಧ ಬಂದಾಗಲೆಲ್ಲ ಆ ಸರಣಿ ಬಡವಾಗುತ್ತದೆ. ಕ್ಯಾಮೆರಾ ಮೇಲಕ್ಕೆ ಏರಲು ಹೆದರುತ್ತದೆ.

ಆದರೆ ಕೆಳಗೆ ಇದ್ದಷ್ಟು ಹೊತ್ತು ನೋಡಿ. ‘ಶಾರ್ಪ್ಸ್ ಈಗಲ್’ನಲ್ಲಿ ಹೊಸ ಸೈನಿಕರಿಗೆ ನಿಮಿಷಕ್ಕೆ ಮೂರು ಗುಂಡು ಹಾರಿಸುವುದನ್ನು ಕಲಿಸುವ ದೃಶ್ಯವಿದೆ. ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ಇದು ಅದಕ್ಕೂ ಹಿಂದಿನದು, ಕೇಪಿಲ್ಲ, ಚಕಮಕಿ ಕಲ್ಲು. ಕಾಗದದ ತೋಟಾವನ್ನು ಹಲ್ಲಿನಲ್ಲಿ ಕಚ್ಚಿ ಹರಿಯಬೇಕು. ಗುಂಡು ಬಾಯಲ್ಲೇ ಇರುತ್ತದೆ. ಚಿಟಿಕೆ ಮದ್ದನ್ನು ಕೋವಿಯ ಕಿವಿಗೆ, ಅಂದರೆ ಕಿಡಿ ಬೀಳುವ ಬಟ್ಟಲಿಗೆ, ಹಾಕಿ ಮುಚ್ಚಬೇಕು, ಉಳಿದದ್ದನ್ನು ನಳಿಗೆಗೆ ಸುರಿಯಬೇಕು, ಗುಂಡನ್ನು ನಳಿಗೆಗೇ ಉಗಿಯಬೇಕು. ಆಮೇಲೆ ಸಲಾಕೆಯಲ್ಲಿ ಜಡಿಯಬೇಕು. ಶಾರ್ಪ್ ಆ ಸಲಾಕೆಯನ್ನೇ ಬಿಟ್ಟುಬಿಡುತ್ತಾನೆ. ಕೋವಿಯ ಹಿಡಿಯನ್ನು ನೆಲಕ್ಕೆ ಒಮ್ಮೆ ಕುಟ್ಟುತ್ತಾನೆ, ಗುಂಡು ತಾನೇ ಇಳಿಯುತ್ತದೆ. ಮದ್ದಿನ ಉಪ್ಪಿಗೆ ಸೈನಿಕರ ಬಾಯಿ ಒಣಗುತ್ತದೆ, ತುಟಿ ಕಪ್ಪಾಗುತ್ತದೆ. ಯುದ್ಧದಲ್ಲಿ ಬದುಕಬೇಕಾದರೆ ಕೈಗೆ ಏನು ಗೊತ್ತಿರಬೇಕು ಅನ್ನುವುದು ಆ ಒಂದು ದೃಶ್ಯದಲ್ಲಿ ತಿಳಿಯುತ್ತದೆ. ಹತ್ತು ಸಾವಿರ ಜನರನ್ನು ಕಂಪ್ಯೂಟರಿನಲ್ಲಿ ತೋರಿಸುವ ಈಗಿನ ಸರಣಿಗಳಲ್ಲಿ ನನಗೆ ಇದು ಸಿಗುವುದಿಲ್ಲ.

ಇನ್ನು ಹೊಗೆ. ಜನ ಕಡಿಮೆ ಇದ್ದುದನ್ನು ಮುಚ್ಚಿದ್ದು ಹೊಗೆಯೇ. ಆದರೆ ಅದು ಮೋಸ ಅಲ್ಲ. ಕರಿಮದ್ದಿನ ಕಾಲದಲ್ಲಿ ಎರಡು ಸುತ್ತು ಗುಂಡು ಹಾರಿದ ಮೇಲೆ ನಿಜವಾದ ಸೈನಿಕನಿಗೂ ಪಕ್ಕದವನನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಪ್ರಶ್ನೆ: ನಗರ ಎಂಬ ಊರಿನ ಬಾವಿಯಲ್ಲಿ ಸಿಕ್ಕ ರಾಕೆಟ್‌ಗಳನ್ನು ಶಿವಮೊಗ್ಗದಲ್ಲಿ ನೋಡಿದೆ. ಶಾರ್ಪ್ ಕಥೆಯಲ್ಲೂ ರಾಕೆಟ್ ಬರುತ್ತದೆ ಅಂತಾರೆ. ಸಂಬಂಧ ಇದೆಯೇ? — ಓದುಗರು, ತೀರ್ಥಹಳ್ಳಿ

ಉತ್ತರ: ಇದೆ, ನೇರವಾಗಿಯೇ ಇದೆ. 2018ರಲ್ಲಿ ನಗರದ ಹಳೆ ಬಾವಿಯಲ್ಲಿ ಸಿಕ್ಕವು ಸಾವಿರಕ್ಕೂ ಜಾಸ್ತಿ, ಒಂದೊಂದೂ ಒಂದು ಗೇಣಿಗಿಂತ ತುಸು ಉದ್ದ. ಹೈದರ್–ಟಿಪ್ಪು ಕಾಲದ ಆ ರಾಕೆಟ್‌ಗಳ ವಿಶೇಷ ಕಬ್ಬಿಣದ ಕೊಳವೆ. 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ರಾತ್ರಿ ದಾಳಿಗೆ ಹೋದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ಗೆದ್ದ ವೆಲಿಂಗ್ಟನ್, ಕತ್ತಲಲ್ಲಿ ಗುಂಡು, ರಾಕೆಟ್ ಎರಡನ್ನೂ ತಿಂದು ಹಿಂದೆ ಸರಿದಿದ್ದ. ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ಬ್ರಿಟಿಷ್ ರಾಕೆಟ್ ಮಾಡಿದ. 1812ರ ಚಳಿಗಾಲದಲ್ಲಿ ನಡೆಯುವ ‘ಶಾರ್ಪ್ಸ್ ಎನಿಮಿ’ಯಲ್ಲಿ ಶಾರ್ಪ್‌ನ ಕೈಗೆ ಬರುವುದು ಇವೇ. ವೆಲಿಂಗ್ಟನ್‌ಗೆ ಇವುಗಳ ಮೇಲೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. 1994ರ ಟಿವಿ ಚಿತ್ರದಲ್ಲೂ ರಾಕೆಟ್ ದಳ ಇದೆ. ಮಲೆನಾಡಿನಲ್ಲಿ ಕೂತು ನೋಡುವವರಿಗೆ ಅದರ ರುಚಿಯೇ ಬೇರೆ.

ಪ್ರಶ್ನೆ: ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯನ್ನು ಇತಿಹಾಸ ಅಂತ ನಂಬಬಹುದೇ? — ಓದುಗರು, ಮೈಸೂರು

ಉತ್ತರ: ಅದು ಭಗವಾನ್ ಗಿದ್ವಾನಿ ಅವರ 1976ರ ಕಾದಂಬರಿಯಿಂದ ಬಂದದ್ದು. 1990ರಲ್ಲಿ ದೂರದರ್ಶನದಲ್ಲಿ ಬಂದಾಗ ‘ಇದು ಕಾಲ್ಪನಿಕ’ ಎಂಬ ಸೂಚನೆಯನ್ನೂ ತೋರಿಸುತ್ತಿದ್ದರು. ಕಾದಂಬರಿ ಅಂತಲೇ ನೋಡಿ.

ಮೈಸೂರಿನವರಿಗೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಬೇರೆ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ನಾಯಕ, ನಿರ್ದೇಶಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಪರದೆಯ ಮೇಲಿನ ಯುದ್ಧದ ಬಗ್ಗೆ ಹಗುರವಾಗಿ ಬರೆಯುವಾಗ ನನಗೆ ಇದೊಂದು ಯಾವಾಗಲೂ ಅಡ್ಡ ಬರುತ್ತದೆ.

ಪ್ರಶ್ನೆ: ನಮ್ಮ ದುರ್ಗದ ಕಥೆಯನ್ನು ಹೀಗೆ ತೆಗೆಯಲು ಆಗುವುದಿಲ್ಲವೇ? — ಓದುಗರು, ಚಿತ್ರದುರ್ಗ

ಉತ್ತರ: ಆಗುತ್ತದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಏನು ಕಮ್ಮಿ ಇದೆ? 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಆದರೆ ನನ್ನದೊಂದು ಷರತ್ತು. ದಿನಾ ಸಂಜೆ ಬರುವ ಧಾರಾವಾಹಿ ಬೇಡ. ಅಲ್ಲಿ ಒಂದು ಸುದ್ದಿ ಕೇಳಿ ಮೂರು ಜನ ಮೂರು ಸಲ ತಿರುಗಿ ನೋಡುವಷ್ಟರಲ್ಲಿ ವಾರ ಕಳೆಯುತ್ತದೆ. ಮುತ್ತಿಗೆ ಹಾಕಿದ ಹೈದರ್ ಅಲಿಯೇ ಬೇಸರ ಬಂದು ಮನೆಗೆ ಹೋಗುತ್ತಾನೆ. ಶಾರ್ಪ್ ಚಿತ್ರಗಳು ಒಂದೊಂದೂ 100 ನಿಮಿಷದ್ದು, ವರ್ಷಕ್ಕೆ ಎರಡೋ ಮೂರೋ. ಪ್ರತಿ ಚಿತ್ರಕ್ಕೂ ತನ್ನದೇ ಒಂದು ಮೊದಲು, ಒಂದು ಕೊನೆ. ಹಾಗೆ ನಾಲ್ಕು ಚಿತ್ರ ಸಾಕು. ಸೈನ್ಯ ತೋರಿಸಲು ದುಡ್ಡಿಲ್ಲದಿದ್ದರೆ ಕೋಟೆಯ ಬಾಗಿಲು ಕಾಯುವ ಒಬ್ಬ ಬೇಡರ ಹುಡುಗನ ಕಣ್ಣಿನಿಂದ ತೋರಿಸಿ. ಸೆಟ್ ಹಾಕುವ ಖರ್ಚೂ ಇಲ್ಲ, ಬಂಡೆಗಳು ನಿಮ್ಮೂರಲ್ಲೇ ಇವೆ.

ಪ್ರಶ್ನೆ: ಅಪ್ಪ ನಿವೃತ್ತ ಸೈನಿಕರು. ಜೊತೆಯಲ್ಲಿ ಕೂತು ನೋಡಬೇಕು. ಯಾವುದರಿಂದ ಶುರು ಮಾಡಲಿ? — ಓದುಗರು, ಮಡಿಕೇರಿ

ಉತ್ತರ: ‘ರೈಫಲ್ಸ್’, ಆಮೇಲೆ ‘ಈಗಲ್’, ‘ಕಂಪನಿ’, ‘ಎನಿಮಿ’. ಇದೇ ಕ್ರಮ. ಹ್ಯಾಗ್‌ಮನ್ ಎಂಬ ವಯಸ್ಸಾದ ಸೈನಿಕ ಹಾಡಲು ಶುರು ಮಾಡಿದರೆ ಮುಂದಕ್ಕೆ ಓಡಿಸಬೇಡಿ. ಆ ಪಾತ್ರ ಮಾಡಿದ ಜಾನ್ ಟ್ಯಾಮ್ಸ್ ನಿಜವಾದ ಜಾನಪದ ಗಾಯಕ, ಸರಣಿಯ ಸಂಗೀತದಲ್ಲೂ ಅವರ ಕೈಯಿದೆ. ಸಮುದ್ರ ಇಷ್ಟವಾದರೆ ನಡುವೆ ಐಟಿವಿಯದ್ದೇ ‘ಹಾರ್ನ್‌ಬ್ಲೋವರ್’ನ ಎಂಟು ಚಿತ್ರಗಳಿವೆ. ‘ಚಾಲೆಂಜ್’ ಕೊನೆಗಿರಲಿ.

‘ಗೋಲ್ಡ್’ ಮಾತ್ರ ಬಿಟ್ಟುಬಿಡಿ. ಪುಸ್ತಕದಲ್ಲಿ ಅದು ಪೋರ್ಚುಗಲ್ಲಿನ ಅಲ್ಮೇಡ ಕೋಟೆಯ ಮದ್ದಿನಮನೆ ಸಿಡಿದ ಕಥೆ. 1810ರ ಆಗಸ್ಟ್‌ನಲ್ಲಿ ನಿಜವಾಗಿ ನಡೆದದ್ದು. ಟಿವಿಯವರು ಆ ಸ್ಫೋಟವನ್ನೇ ತೆಗೆದುಹಾಕಿ, ಸ್ಪೇನಿನ ಬೆಟ್ಟದಲ್ಲಿ ಅಜ್ಟೆಕ್ ನರಬಲಿ ತಂದು ಇಟ್ಟಿದ್ದಾರೆ. ನೋಡಲೇಬೇಕು ಅನ್ನಿಸಿದರೆ ಅಪ್ಪ ಮಲಗಿದ ಮೇಲೆ ನೋಡಿ.