ಜಗಳವೇ ಆಡದ ಜೋಡಿ ಚೆನ್ನಾಗಿದೆ ಅಂತಲಾ?

ಪ್ರಶ್ನೆ: ಮದುವೆಯಾಗಿ ಆರು ವರ್ಷ ಆಯ್ತು. ನನಗೂ ನನ್ನ ಗಂಡನಿಗೂ ವಾರಕ್ಕೊಂದು ಜಗಳ ಇದ್ದದ್ದೇ, ಅದೂ ಹಣದ ವಿಷಯಕ್ಕೇ. ಅವರು ಮಾತಿನ ಮಧ್ಯೆ ಎದ್ದು ಹೋಗುತ್ತಾರೆ, ಆಮೇಲೆ ಎರಡು ದಿನ ಮಾತಿಲ್ಲ. ನನ್ನ ಅಕ್ಕ-ಭಾವ ಜಗಳವನ್ನೇ ಆಡುವುದಿಲ್ಲ. ನಮ್ಮ ಸಂಬಂಧ ಹಾಳಾಗುತ್ತಿದೆಯಾ?

ಉತ್ತರ: ಜಗಳ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಹಾಗೆ ಅಂದುಕೊಳ್ಳಬೇಡಿ. ಅಕ್ಕ-ಭಾವನ ಜೊತೆ ಹೋಲಿಸಿಕೊಳ್ಳುವುದನ್ನಂತೂ ಬಿಟ್ಟೇಬಿಡಿ. ಅವರ ನಡುವೆ ನಿಜವಾಗಿಯೂ ಹೊಂದಾಣಿಕೆ ಇರಬಹುದು, ಇಲ್ಲವೇ ಒಬ್ಬರು ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಬಹುದು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1956ರಲ್ಲೇ ಇದನ್ನು ಹೇಳಿದ್ದರು: ಈ ಸಂಬಂಧ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ ಅನ್ನುವ ಧೈರ್ಯ ಇದ್ದವರು ಅಸಮಾಧಾನವನ್ನು ಬಾಯಿಬಿಟ್ಟು ಹೇಳುತ್ತಾರೆ, ಹಾಗಾಗಿ ಜಗಳ ಇಲ್ಲ ಅಂದಮಾತ್ರಕ್ಕೆ ಸಂಬಂಧ ಗಟ್ಟಿ ಅನ್ನುವಂತಿಲ್ಲ.

ಇನ್ನು ಅದೇ ಹಣದ ಜಗಳ ಮತ್ತೆ ಮತ್ತೆ ಬರುವ ವಿಷಯ. ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ, ಜೋಡಿಗಳ ತಕರಾರುಗಳಲ್ಲಿ ಸುಮಾರು ಶೇ 69ರಷ್ಟು ಪೂರ್ತಿ ಬಗೆಹರಿಯುವುದೇ ಇಲ್ಲ. ಒಬ್ಬರಿಗೆ ಉಳಿಸಿದರೆ ನೆಮ್ಮದಿ, ಇನ್ನೊಬ್ಬರಿಗೆ ಖರ್ಚು ಮಾಡಿದರೆ ಖುಷಿ. ಇದು ಸ್ವಭಾವದ ಮಾತು, ಚೆನ್ನಾಗಿರುವ ಜೋಡಿಗಳಲ್ಲೂ ಹಾಗೇ ಉಳಿದಿರುತ್ತದೆ.

ನನಗೆ ಗೊತ್ತಾಗಬೇಕಿರುವುದು ನೀವು ಹೇಗೆ ಜಗಳ ಆಡುತ್ತೀರಿ ಅನ್ನುವುದು. "ನನ್ನನ್ನು ಕೇಳದೆ ಇಷ್ಟು ಖರ್ಚು ಮಾಡಿದ್ದು ಬೇಜಾರಾಯ್ತು" ಅಂದರೆ ಅದು ದೂರು, ಅದಕ್ಕೆ ಉತ್ತರ ಕೊಡಬಹುದು. "ನಿಮಗೆ ಬುದ್ಧಿ ಅನ್ನೋದೇ ಇಲ್ಲ" ಅಂತ ಮೂತಿ ತಿರುವಿದರೆ ಅದು ತಾತ್ಸಾರ. ಸಂಬಂಧ ಮುರಿಯುವ ಸೂಚನೆಗಳಲ್ಲಿ ಗಾಟ್‌ಮನ್ ಎಲ್ಲಕ್ಕಿಂತ ಕೆಟ್ಟದ್ದು ಅಂದದ್ದು ಇದನ್ನೇ. ಹಣದ ಲೆಕ್ಕಕ್ಕಿಂತ ಮೊದಲು ನಿಮ್ಮಿಬ್ಬರ ಮಾತಿನಲ್ಲಿ ಇದು ಇದೆಯಾ ನೋಡಿಕೊಳ್ಳಿ.

ಅವರು ಎದ್ದು ಹೋಗುವುದು ಸೊಕ್ಕಿನಿಂದಲೇ ಅಂತ ತೀರ್ಮಾನಿಸಬೇಡಿ. ಸಿಟ್ಟಿನಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ತಲೆಗೆ ಹೋಗುವುದೇ ಕಷ್ಟ, ಮೈ ತಣ್ಣಗಾಗಲು ಕನಿಷ್ಠ 20 ನಿಮಿಷವಾದರೂ ಬೇಕು. ಆದರೆ ಎರಡು ದಿನ ಮಾತು ಬಿಡುವುದು ಜಾಸ್ತಿಯಾಯ್ತು, ಅಲ್ವಾ? ಇಬ್ಬರೂ ಸಮಾಧಾನವಾಗಿರುವ ಹೊತ್ತು ನೋಡಿ ಒಂದು ಒಪ್ಪಂದ ಮಾಡಿಕೊಳ್ಳಿ: ಯಾರಿಗೆ ತಡೆಯಲು ಆಗುವುದಿಲ್ಲವೋ ಅವರು "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿಯೇ ಏಳಬೇಕು, ಹೇಳಿದ ಹೊತ್ತಿಗೆ ಬಂದು ಕೂರಬೇಕು. ಆ ಅರ್ಧ ಗಂಟೆ ನೀವೂ ಅವರ ಬೆನ್ನು ಹತ್ತಬೇಡಿ.

ಇದೆಲ್ಲ ಇಬ್ಬರೂ ಹೆದರದೆ ಮಾತಾಡಬಲ್ಲ ಕಡೆ ಮಾತ್ರ. ಕೈ ಎತ್ತುವುದು, ಬೆದರಿಸುವುದು ನಡೆಯುತ್ತಿದ್ದರೆ ನಾನು ಮೇಲೆ ಹೇಳಿದ್ದನ್ನೆಲ್ಲ ಪಕ್ಕಕ್ಕಿಡಿ, ನಂಬಿಕೆಯವರೊಬ್ಬರಿಗೆ ಇವತ್ತೇ ವಿಷಯ ತಿಳಿಸಿ.