ಸೀಡಿ ಹಾಕುವ ಕಿಂಡಿ ಇರುವುದನ್ನೇ ತಗೊಳ್ಳಿ

ಗೇಮ್ ಅಂಕಣ: ಓದುಗರ ಪ್ರಶ್ನೆಗಳಿಗೆ ವಿಜಯಪುರದ ಆಟಗಾರನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯ ಕೇಳುತ್ತಿವೆ. ಗೇಮ್ ಆಡುವ ಡಬ್ಬಿಗಳ, ಅಂದರೆ ಕನ್ಸೋಲ್‌ಗಳ ಕಾಲ ಮುಗಿಯಿತಾ, ಇನ್ನೂ ಉಳಿದಿದೆಯಾ? ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಅಣ್ಣಾ, ನಾನು ಡಿಪ್ಲೊಮಾ ಕೊನೇ ವರ್ಷ. ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ತಗೊಳ್ಳಲು ದುಡ್ಡು ಕೂಡಿಸಿದ್ದೇನೆ. ಗೆಳೆಯರು ಮಾತ್ರ "ಇನ್ನ ನಾಕೈದು ವರ್ಷಕ್ಕ ಎಲ್ಲಾ ಕ್ಲೌಡ್ ಆಗತೈತಿ, ಆ ಡಬ್ಬಿ ತಗೊಂಡು ಏನ್ ಮಾಡ್ತಿ" ಅಂತಾರೆ. ತಗೊಳ್ಳಲೋ, ತಡೆಯಲೋ?
ವಿದ್ಯಾರ್ಥಿ, ನವನಗರ, ಬಾಗಲಕೋಟೆ

ತಗೋ ತಮ್ಮಾ. ಗೆಳೆಯರ ಮಾತು ಹೊಸದೇನಲ್ಲ. 2019ರ ನವೆಂಬರ್‌ನಲ್ಲಿ ಗೂಗಲ್ ಸ್ಟೇಡಿಯಾ ಎಂಬ ಕ್ಲೌಡ್ ಗೇಮ್ ಸೇವೆ ತಂದಾಗಲೂ ಇದೇ ಮಾತು ಇತ್ತು. ಡಬ್ಬಿ ಬೇಡ, ಡೌನ್‌ಲೋಡ್ ಬೇಡ, ನೆಟ್ ಇದ್ದರೆ ಸಾಕು ಅಂದರು. ನಮ್ಮ ದೇಶಕ್ಕೆ ಅದು ಬರಲೇ ಇಲ್ಲ. 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಅದು ಒಳ್ಳೆಯದೇ. ಆದರೆ ಗೂಗಲ್‌ನಂಥ ಕಂಪನಿ ಅಷ್ಟೊಂದು ಸರ್ವರ್ ಇಟ್ಟುಕೊಂಡೂ ನಾಲ್ಕು ವರ್ಷ ನಡೆಸಲಾಗಲಿಲ್ಲ, ಅದನ್ನು ನೆನಪಿಡು.

ಹಾಗಂತ ಕ್ಲೌಡ್ ಸುಳ್ಳಲ್ಲ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ನ ಕ್ಲೌಡ್ ಸೇವೆ 2025ರ ನವೆಂಬರ್‌ನಲ್ಲಿ ಭಾರತಕ್ಕೂ ಬಂತು. ಇದರಲ್ಲಿ ಆಟ ನಡೆಯುವುದು ದೂರದ ಸರ್ವರ್‌ನಲ್ಲಿ. ನೀನು ಗುಂಡಿ ಒತ್ತಿದ್ದು ಅಲ್ಲಿಗೆ ಹೋಗಬೇಕು. ಅಲ್ಲಿ ಚಿತ್ರ ತಯಾರಾಗಿ, ವಿಡಿಯೋ ಆಗಿ ಕುಗ್ಗಿ, ವಾಪಸ್ ಬಂದು ನಿನ್ನ ಟಿವಿಯಲ್ಲಿ ಬಿಚ್ಚಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ದೂರದ ಚಿಂತೆ ದೊಡ್ಡದಲ್ಲ. ಫೈಬರ್‌ನಲ್ಲಿ ಬೆಳಕು ಸಾವಿರ ಕಿಲೋಮೀಟರನ್ನು ಸುಮಾರು 5 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಸರ್ವರ್ ಮುಂಬೈಯಲ್ಲಿ ಇದ್ದರೆ ಅದು ನಮಗೆ ಅದರ ಅರ್ಧ ದೂರವೇ. ತೊಂದರೆ ಇರುವುದು ಮನೆಯ ಹತ್ತಿರ. ವೈಫೈ ಎರಡು ಗೋಡೆ ದಾಟಿ ಬರುತ್ತದೆ, ಅದೇ ಹೊತ್ತಿಗೆ ಒಳಗೆ ಯಾರೋ ಧಾರಾವಾಹಿ ನೋಡುತ್ತಿರುತ್ತಾರೆ, ಹೊರಗೆ ರಸ್ತೆ ಅಗೆದು ಕೇಬಲ್ ಕತ್ತರಿಸಿರುತ್ತಾರೆ. ಕಥೆ ಓದಿಕೊಂಡು ನಿಧಾನಕ್ಕೆ ಆಡುವ ಗೇಮ್ ಆದರೆ ಇದೆಲ್ಲ ಗೊತ್ತಾಗುವುದಿಲ್ಲ. ಕುಸ್ತಿ, ಫುಟ್‌ಬಾಲ್, ರೇಸ್ ಆಡುವಾಗ ಕೈಗೇ ತಿಳಿದುಬಿಡುತ್ತದೆ. ಇನ್ನೊಂದು ಲೆಕ್ಕವೂ ಇದೆ. ಸೆಕೆಂಡಿಗೆ 15 ಮೆಗಾಬಿಟ್ ಹರಿದರೆ ಒಂದು ಗಂಟೆಗೆ ಹತ್ತಿರ ಹತ್ತಿರ 7 ಜಿಬಿ ಡೇಟಾ ಆಯಿತು. ಮೊಬೈಲ್ ಪ್ಯಾಕ್ ನಂಬಿಕೊಂಡವರಿಗೆ ಇದು ಆಗುವ ಮಾತಲ್ಲ.

ತಡೆದರೆ ಬೆಲೆ ಇಳಿಯುತ್ತದಾ? ಮೊದಲೆಲ್ಲ ಹಾಗಿತ್ತು. ಹಳೇ ಕನ್ಸೋಲ್ ವರ್ಷ ಕಳೆದಂತೆ ಅಗ್ಗವಾಗುತ್ತಿತ್ತು. ಪಿಎಸ್5 ಮಾತ್ರ 2021ರ ಫೆಬ್ರುವರಿಯಲ್ಲಿ ಇಲ್ಲಿಗೆ 49,990 ರೂಪಾಯಿಗೆ ಬಂದು, ಆಮೇಲೆ 54,990ಕ್ಕೆ ಏರಿತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆಯೂ ಹತ್ತಿತು. ಎಐ ಡೇಟಾ ಸೆಂಟರ್‌ಗಳು ಅವನ್ನು ಎಳೆದುಕೊಂಡು ಹೋಗುತ್ತಿವೆ. ಕಾಯುವುದರಲ್ಲಿ ಲಾಭ ಕಾಣುತ್ತಿಲ್ಲ.

ನಮ್ಮದು ಚಿಕ್ಕ ಮೊಬೈಲ್ ಅಂಗಡಿ. ಮಗನಿಗೆ ಪಿಎಸ್5 ಸ್ಲಿಮ್ ಕೊಡಿಸಬೇಕು. ಸೀಡಿ ಕಿಂಡಿ ಇಲ್ಲದ ಡಿಜಿಟಲ್ ತಗೊಂಡರೆ ದುಡ್ಡು ಉಳಿಯುತ್ತದೆ. ಡೌನ್‌ಲೋಡ್ ಮಾಡಿ ಆಡುವುದೇ ಮುಂದಿನ ಕಾಲ ಎಂದರೆ ಸೀಡಿಯದು ಯಾಕೆ ಬೇಕು?
ಓದುಗರು, ಟಿಳಕವಾಡಿ, ಬೆಳಗಾವಿ

ನೀವು ವ್ಯಾಪಾರಸ್ಥರು, ಲೆಕ್ಕ ನಿಮಗೆ ಬೇಗ ಹತ್ತುತ್ತದೆ. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಇಲ್ಲಿಗೆ ಬಂದಾಗ ಸೀಡಿಯದು 54,990, ಡಿಜಿಟಲ್ 44,990. ಆಗ ಹತ್ತು ಸಾವಿರದ ಅಂತರ ಇತ್ತು. ಆದರೆ ದೊಡ್ಡ ಗೇಮ್ ಒಂದಕ್ಕೆ ಐದು ಸಾವಿರದ ಆಸುಪಾಸು. ಸೀಡಿ ಕೊಂಡರೆ ಆಡಿ ಮುಗಿಸಿ ಸೆಕೆಂಡ್ ಹ್ಯಾಂಡ್ ಮಾರಬಹುದು. ಗೆಳೆಯನ ಸೀಡಿಗೆ ನಿಮ್ಮ ಸೀಡಿ ಬದಲಾಯಿಸಬಹುದು. ಕೆಲವು ತಿಂಗಳು ತಡೆದು ಬೇರೆಯವರು ಆಡಿ ಬಿಟ್ಟದ್ದನ್ನು ಕಡಿಮೆಗೆ ತರಬಹುದು. ಡಿಜಿಟಲ್‌ನಲ್ಲಿ ಕೊಂಡ ಗೇಮ್ ಅಕೌಂಟಿಗೆ ಕಟ್ಟಿಹಾಕಿದಂತೆ. ಮಾರಲು ಬರುವುದಿಲ್ಲ, ಯಾರಿಗೂ ದಾನ ಮಾಡಲೂ ಬರುವುದಿಲ್ಲ. ಕಂಪನಿಯ ಸ್ಟೋರ್ ಬಿಟ್ಟು ಬೇರೆ ಅಂಗಡಿ ಇಲ್ಲ, ಅವರು ಹೇಳಿದ್ದೇ ಬೆಲೆ. ನಾಲ್ಕೈದು ಗೇಮ್ ಕೊಂಡು ಮಾರುವಷ್ಟರಲ್ಲಿ ಸೀಡಿಯದಕ್ಕೆ ಜಾಸ್ತಿ ಕೊಟ್ಟ ದುಡ್ಡು ವಾಪಸ್ ಬಂದಿರುತ್ತದೆ. ಸ್ಲಿಮ್‌ಗೆ ಆಮೇಲೆ ಸೀಡಿ ಡ್ರೈವ್ ಬೇರೆ ಕೊಂಡು ಜೋಡಿಸಬಹುದು. ಆದರೂ ಮೊದಲೇ ಇರುವುದನ್ನು ತಗೊಳ್ಳಿ, ಡ್ರೈವ್ ಹುಡುಕುತ್ತ ಅಲೆಯಬೇಡಿ.

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಇದೇ ಮುಖ್ಯ. ನಮ್ಮ ಕಡೆ ಗೇಮ್ ಹಬ್ಬಿದ್ದೇ ಕೈಯಿಂದ ಕೈಗೆ. ಪಿಎಸ್2 ಕಾಲದಲ್ಲಿ ವಿಜಯಪುರದ ಗಾಂಧಿ ಚೌಕದ ಆಚೀಚೆ ಪಾರ್ಲರ್‌ಗಳಿದ್ದವು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕ್ರಿಕೆಟ್ 07 ಆಡುತ್ತಿದ್ದೆವು. ಸ್ವಂತ ಕನ್ಸೋಲ್ ಇದ್ದವರು ಓಣಿಗೆ ಒಬ್ಬರೋ ಇಬ್ಬರೋ. ಒಂದೇ ಸೀಡಿ ಶಾಪೇಟೆಯಿಂದ ಜೋರಾಪುರ ಪೇಟೆಗೆ, ಅಲ್ಲಿಂದ ಮತ್ತೆಲ್ಲಿಗೋ ಸುತ್ತುತ್ತಿತ್ತು. ಎಲ್ಲರೂ ಅವರವರೇ ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕು ಎಂದಿದ್ದರೆ ನಮ್ಮಲ್ಲಿ ಅರ್ಧ ಜನ ಆಟಗಾರರೇ ಆಗುತ್ತಿರಲಿಲ್ಲ.

ಇದನ್ನು ನಿಲ್ಲಿಸುವ ಪ್ರಯತ್ನ ಹಿಂದೆಯೇ ಆಗಿದೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರುವ ಮುಂಚೆ ಮೈಕ್ರೋಸಾಫ್ಟ್ ಒಂದು ನಿಯಮ ಹೇಳಿತು. 24 ಗಂಟೆಗೊಮ್ಮೆ ಕನ್ಸೋಲ್ ನೆಟ್‌ಗೆ ಹೋಗಿ ಹಾಜರಿ ಹಾಕಬೇಕು, ಹಳೇ ಸೀಡಿ ಮಾರಾಟಕ್ಕೂ ಕಟ್ಟುಪಾಡು ಇರುತ್ತದೆ ಎಂದು. ಜಗತ್ತಿನ ಆಟಗಾರರು ಜೋರಾಗಿ ಎದುರು ನಿಂತರು. ಜೂನ್ ತಿಂಗಳಲ್ಲೇ ಕಂಪನಿ ನಿಯಮ ವಾಪಸ್ ತೆಗೆದುಕೊಂಡಿತು. ಆಟಗಾರರು ಮಾತಾಡಿದರೆ ಕಂಪನಿ ಕೇಳುತ್ತದೆ ಎನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಸೀಡಿ ಇದ್ದರೂ ಎಲ್ಲ ಸರಿ ಅಂತ ಅಲ್ಲ. ದಿ ಕ್ರೂ ಎಂಬ ರೇಸ್ ಗೇಮ್ 2014ರಲ್ಲಿ ಬಂತು. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಅದರ ಕಂಪನಿ ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಕಪಾಟಿನಲ್ಲಿ ಸೀಡಿ ಇದ್ದವರಿಗೂ ಆಟ ಹೋಯಿತು. ದುಡ್ಡು ಕೊಟ್ಟು ಕೊಂಡ ವಸ್ತು ಹೀಗೆ ಹೋಗುವುದು ನ್ಯಾಯವಾ? ಆ ಸಿಟ್ಟಿನಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಚಳವಳಿ ಹುಟ್ಟಿತು. 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು 2025ರಿಂದ ಜಾರಿಯಲ್ಲಿದೆ. ಡಿಜಿಟಲ್ ಅಂಗಡಿಯಲ್ಲಿ ಸಿಗುವುದು ಆಡುವ ಪರವಾನಗಿ ಮಾತ್ರ ಎಂದು ಗಿರಾಕಿಗೆ ತಿಳಿಯುವಂತೆ ಹೇಳಬೇಕು. ನಮ್ಮಲ್ಲೂ ಇಂಥ ಕಾನೂನು ಬರಬೇಕು.

ಮಗನಿಗೆ ಗೇಮ್ ಕೊಡಿಸುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಒಬ್ಬರೇ ಆಡುವುದಕ್ಕೂ ನೆಟ್ ಬೇಕು ಎಂದಿದ್ದರೆ ಪೂರ್ತಿ ಬೆಲೆ ಕೊಡಬೇಡಿ.

ಸರ್ಕಾರ ಆನ್‌ಲೈನ್ ಗೇಮ್ ಬಂದ್ ಮಾಡಿದೆ ಅಂತ ಕೇಳಿದೆ. ಮಗ ಆಡುವ ಕನ್ಸೋಲೂ ಬಂದ್ ಆಗುತ್ತದಾ?
ತಾಯಿಯೊಬ್ಬರು, ಮುಧೋಳ

ಇಲ್ಲ ಅಕ್ಕಾರ. 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ನಿಲ್ಲಿಸಿದ್ದು ದುಡ್ಡು ಹಚ್ಚಿ, ಗೆದ್ದರೆ ದುಡ್ಡು ಬರುತ್ತದೆ ಎನ್ನುವ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳಿಗೆ, ಅದೇ ಕಾನೂನು ಮನ್ನಣೆ ಕೊಟ್ಟಿದೆ. ಕನ್ಸೋಲ್‌ನಲ್ಲಿ ನಿಮ್ಮ ಹೆಸರಿನ ಅಕೌಂಟ್ ಮಾಡಿ, ಮಗನದನ್ನು ಅದರ ಕೆಳಗೆ ಸೇರಿಸಿ. ದಿನಕ್ಕೆ ಎಷ್ಟು ಹೊತ್ತು ಆಡಬೇಕು, ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು ಎಂದು ನೀವೇ ಗೊತ್ತು ಮಾಡಬಹುದು. ಕಾರ್ಡ್ ನಂಬರ್ ಮಾತ್ರ ಅದರಲ್ಲಿ ಉಳಿಸಬೇಡಿ.

ಅಟ್ಟದ ಮೇಲೆ ತೊಂಬತ್ತರ ದಶಕದ ಕ್ಯಾಸೆಟ್ ವಿಡಿಯೋ ಗೇಮ್ ಸಿಕ್ಕಿತು. ಮೊಮ್ಮಗನಿಗೆ ತೋರಿಸಬೇಕು. ನಡೆಯುತ್ತದಾ? ಅವನ ಹೊಸ ಕನ್ಸೋಲ್ ಮೂವತ್ತು ವರ್ಷದ ನಂತರ ಹೀಗೇ ನಡೆಯುತ್ತದಾ?
ನಿವೃತ್ತ ಶಿಕ್ಷಕರು, ಸಿಂದಗಿ

ಕಾಕಾ, ಕ್ಯಾಸೆಟ್ ನಡೆಯುವ ಸಂಭವ ಜಾಸ್ತಿ. ಊದಬೇಡಿ. ನಾವೆಲ್ಲ ಊದುತ್ತಿದ್ದೆವು, ಆದರೆ ಬಾಯಿಯ ಹಸಿಯಿಂದ ತಾಮ್ರದ ಪಟ್ಟಿಗೆ ಕಿಲುಬು ಹಿಡಿಯುತ್ತದೆ. ಕ್ಯಾಸೆಟ್‌ನ ತಳದಲ್ಲಿ ಸಾಲಾಗಿ ಸಣ್ಣ ಪಟ್ಟಿಗಳು ಕಾಣುತ್ತವೆ, ನೋಡಿ. ಕಪ್ಪಾಗಿದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್‌ನಿಂದ ಮೇಲಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ. ಅಡ್ಡಡ್ಡ ಉಜ್ಜಬೇಡಿ, ಅಂಚು ಎದ್ದು ಬರುತ್ತದೆ. ರಬ್ಬರ್ ಪುಡಿಯನ್ನು ಮೆದು ಬ್ರಶ್‌ನಿಂದ ಝಾಡಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅದು ಇರುತ್ತದೆ. ಪೂರ್ತಿ ಒಣಗಿದ ಮೇಲೆಯೇ ಹಾಕಿ. ಅಡಾಪ್ಟರ್ ಹಳೆಯದಾಗಿದ್ದರೆ ಹಾಗೇ ಚುಚ್ಚಬೇಡಿ, ಎಷ್ಟು ವೋಲ್ಟ್ ಬರುತ್ತಿದೆ ಎಂದು ಮೊದಲು ಮೀಟರ್ ಹಚ್ಚಿ ನೋಡಿಸಿ. ಹೊಸ ಟಿವಿಯಲ್ಲಿ ಹಳದಿ, ಬಿಳಿ ಪಿನ್ನಿನ ಕಿಂಡಿ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಾಯಿಸುವ ಸಣ್ಣ ಡಬ್ಬಿ ಸಿಗುತ್ತದೆ. ಕಾಂಟ್ರಾ ಎಂಬ ಆಟ ಇದ್ದರೆ ಮೊಮ್ಮಗನ ಜತೆ ಇಬ್ಬರೂ ಸೇರಿ ಆಡಿ. ಮೇಲೆ ಮೇಲೆ, ಕೆಳಗೆ ಕೆಳಗೆ ಗುಂಡಿ ಒತ್ತಿ ಜಾಸ್ತಿ ಜೀವ ಪಡೆಯುವ ಆ ಗುಟ್ಟು ಅವನಿಗೂ ಹೇಳಿಕೊಡಿ.

ನಿಮ್ಮ ಎರಡನೇ ಪ್ರಶ್ನೆ ದೊಡ್ಡದು. ಕ್ಯಾಸೆಟ್ ನಡೆಯುವುದಕ್ಕೆ ಕಾರಣ ಒಂದೇ: ಆಟ ಪೂರ್ತಿಯಾಗಿ ಅದರೊಳಗೇ ಇದೆ. ಯಾರ ಅನುಮತಿಯೂ ಬೇಕಿಲ್ಲ. ಈಗಿನವು ಹಾಗಲ್ಲ. ಪಿಎಸ್4 ಒಳಗೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇದೆ, ಗಡಿಯಾರ ನಡೆಸಲು. ಅದು ಸತ್ತರೆ ಸೋನಿಯ ಸರ್ವರ್‌ಗೆ ಹೋಗಿ ಬರುವವರೆಗೆ ಸೀಡಿ ಹಾಕಿದರೂ ಆಟ ಶುರುವಾಗುತ್ತಿರಲಿಲ್ಲ. ಆಟಗಾರರೇ ಇದನ್ನು ಪತ್ತೆಹಚ್ಚಿ ಗಲಾಟೆ ಮಾಡಿದರು. 2021ರ ಅಪ್‌ಡೇಟ್‌ನಲ್ಲಿ ಸರಿಹೋಯಿತು. ನಿಂಟೆಂಡೊ ಕಂಪನಿಯ ವೀ ಯು ಮತ್ತು 3ಡಿಎಸ್ ಕನ್ಸೋಲ್‌ಗಳ ಆನ್‌ಲೈನ್ ಸ್ಟೋರ್‌ಗಳು 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈನಲ್ಲಿ ಮುಚ್ಚಿದವು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ನ ಕೆಲವು ಗೇಮ್ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಬರೀ ಕೀಲಿ ಇರುತ್ತದೆ. ಆಟವನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಅವರ ಸರ್ವರ್ ನಿಂತ ದಿನ ಹೊಸದಾಗಿ ಇಳಿಸಿಕೊಳ್ಳುವ ದಾರಿ ಇಲ್ಲ. ಮೊಮ್ಮಗನಿಗೆ ಹೇಳಿ: ಇಷ್ಟವಾದ ಆಟವನ್ನು ಸೀಡಿಯಲ್ಲೇ ಕೊಳ್ಳಲಿ, ನೆಟ್ ತೆಗೆದು ಒಮ್ಮೆ ಆಡಿ ನೋಡಲಿ.

ಎಕ್ಸ್‌ಬಾಕ್ಸ್ ತಗೊಳ್ಳಬಹುದಾ?
ಓದುಗರು, ಗೋಕಾಕ

ಹೊಸದಾಗಿ ಈಗ ಬೇಡ. ಫೋರ್ಜಾ ಹೊರೈಜನ್ 5 ಎಕ್ಸ್‌ಬಾಕ್ಸ್‌ನ ಹೆಮ್ಮೆಯ ಆಟ. 2025ರ ಏಪ್ರಿಲ್‌ನಲ್ಲಿ ಅದು ಪಿಎಸ್5ಗೇ ಬಂತು. ಆಗಸ್ಟ್‌ನಲ್ಲಿ ಗೇರ್ಸ್ ಆಫ್ ವಾರ್ ಆಟವೂ ಬಂತು. ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್‌ನ ತಿಂಗಳ ಚಂದಾ ಗೇಮ್ ಪಾಸ್ ಅಲ್ಟಿಮೇಟ್‌ನ ಬೆಲೆ ತಿಂಗಳಿಗೆ 20 ಡಾಲರ್‌ನಿಂದ 30ಕ್ಕೆ ಹೋಯಿತು. ಕಂಪನಿಯ ಮನಸ್ಸು ಡಬ್ಬಿಯ ಮೇಲಿಲ್ಲ, ಆಟ ಮಾರುವುದರ ಮೇಲಿದೆ. ಸೆಗಾ ಕೂಡ 2001ರಲ್ಲಿ ಕನ್ಸೋಲ್ ಮಾಡುವುದು ಬಿಟ್ಟು ಆಟ ಮಾಡುತ್ತಾ ಚೆನ್ನಾಗಿಯೇ ಬದುಕಿತು.

ಕಂಟ್ರೋಲರ್ ಮುಟ್ಟದಿದ್ದರೂ ಆಟಗಾರ ತಾನೇ ನಡೆಯುತ್ತಾನೆ. ಬಿಸಿಲಿಗೆ ಕನ್ಸೋಲೂ ಕಾಯುತ್ತದೆ.
ಓದುಗರು, ಇಂಡಿ

ಕಂಟ್ರೋಲರ್‌ನಲ್ಲಿ ಬೆರಳಿನಿಂದ ತಿರುಗಿಸುವ ಕಡ್ಡಿಯ (ಸ್ಟಿಕ್) ಒಳಗಿನ ಭಾಗ ಸವೆದಿದೆ. ಹಾಲ್ ಎಫೆಕ್ಟ್ ಕಡ್ಡಿ ಹಾಕಿಸಿ. ಅದು ಅಯಸ್ಕಾಂತದಿಂದ ನಡೆಯುತ್ತದೆ, ಹಾಗೆ ಸವೆಯುವುದಿಲ್ಲ. ನಮ್ಮ ಜಿಲ್ಲೆಯ ಧೂಳು ನಿಮಗೆ ಗೊತ್ತೇ ಇದೆ. ಕನ್ಸೋಲನ್ನು ಟಿವಿ ಕಪಾಟಿನ ಒಳಗೆ ತುರುಕಬೇಡಿ. ಪಿಎಸ್5ರ ಹೊರಗಿನ ಬಿಳಿ ಹಲಗೆ ತೆಗೆದರೆ ಧೂಳು ಎಳೆಯಲೆಂದೇ ಬಿಟ್ಟ ರಂಧ್ರಗಳಿವೆ. ಅಲ್ಲಿವರೆಗೆ ಮಾತ್ರ ನೀವೇ ಸ್ವಚ್ಛ ಮಾಡಿ. ಒಳಗಿನ ಚಿಪ್‌ಗೆ ಹಚ್ಚಿರುವುದು ದ್ರವ ಲೋಹ, ಬೇರೆ ಕಡೆ ಹರಿದರೆ ಬೋರ್ಡ್ ಹೋಗುತ್ತದೆ.

ನಾವು ಮೂವರು ಎಂಜಿನಿಯರಿಂಗ್ ಗೆಳೆಯರು ಕನ್ನಡದಲ್ಲೇ ಒಂದು ಗೇಮ್ ಮಾಡುತ್ತಿದ್ದೇವೆ. ಮುಂದೆ ಕನ್ಸೋಲ್‌ನಲ್ಲಿ ನಮ್ಮಂಥವರಿಗೆ ಜಾಗ ಇರುತ್ತದಾ?
ವಿದ್ಯಾರ್ಥಿನಿ, ಬೆಳಗಾವಿ

ಈ ತಿಂಗಳು ನನಗೆ ಜಾಸ್ತಿ ಖುಷಿ ಕೊಟ್ಟ ಪತ್ರ ಇದು. ಜಾಗ ಇದೆ ತಂಗಿ. ಪುಣೆಯ ನೋಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ ಮಾಡಿದ ರಾಜಿ ಎಂಬ ಗೇಮ್ 2020ರಲ್ಲಿ ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್ ಮೂರಕ್ಕೂ ಬಂತು. ಸೋನಿ 2023ರಲ್ಲಿ ಇಲ್ಲಿನ ತಂಡಗಳಿಗೆಂದೇ ಇಂಡಿಯಾ ಹೀರೋ ಪ್ರಾಜೆಕ್ಟ್ ಎಂಬ ನೆರವಿನ ಯೋಜನೆ ಶುರು ಮಾಡಿತು. ಮೊದಲು ಕಂಪ್ಯೂಟರ್‌ಗೆ ಬಿಡುಗಡೆ ಮಾಡಿ, ನಾಲ್ಕು ಜನ ಆಡಲಿ. ಕನ್ಸೋಲ್ ಆಮೇಲೆ.

ಒಂದು ವಿಷಯ ಮಾತ್ರ ಇವತ್ತೇ ಪರೀಕ್ಷೆ ಮಾಡಿ. ಮೊದಲ ಪರದೆಯ ಗುಂಡಿಯ ಮೇಲೆ "ಪ್ರಾರಂಭಿಸಿ" ಎಂದು ಬರೆದು ನೋಡಿ. ಗೇಮ್ ಕಟ್ಟುವ ಸಾಫ್ಟ್‌ವೇರ್ (ಎಂಜಿನ್) ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡದ ಒತ್ತಕ್ಷರಗಳು ಜೋಡಿಯಾಗುವುದಿಲ್ಲ, ಪಕಾರ ಒಂದು ಕಡೆ, ರಕಾರ ಒಂದು ಕಡೆ ಚೆದುರಿ ನಿಲ್ಲುತ್ತವೆ. ಗೋಡೊ 4 ಎಂಬ ಇನ್ನೊಂದು ಎಂಜಿನ್‌ನಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆ ಒಳಗೇ ಇದೆ, ಕನ್ನಡ ಸರಿಯಾಗಿ ಬರುತ್ತದೆ. ಆದರೆ ಗೋಡೊದಲ್ಲಿ ಮಾಡಿದ್ದನ್ನು ಕನ್ಸೋಲ್‌ಗೆ ತರಲು ಬೇರೆ ಕಂಪನಿಯ ನೆರವು ಬೇಕಾಗುತ್ತದೆ. ಎರಡನ್ನೂ ತೂಗಿ ನೋಡಿ ಆರಿಸಿಕೊಳ್ಳಿ. ಅರ್ಧ ಕೆಲಸ ಮುಗಿದ ಮೇಲೆ ಎಂಜಿನ್ ಬದಲಾಯಿಸುವುದು ಬಹಳ ಕಷ್ಟ. ಆಟಕ್ಕೆ ನೆಟ್ ಇರಲೇಬೇಕು ಎಂದು ಮಾತ್ರ ಮಾಡಬೇಡಿ.

ಡೆಮೊ ಆದ ಕೂಡಲೇ ಪತ್ರಿಕೆಗೆ ಕಳಿಸಿ. ಪೂರ್ತಿ ಆಡುತ್ತೇನೆ, ಅಕ್ಷರ ತಪ್ಪಿದ ಕಡೆಯೆಲ್ಲ ಗುರುತು ಹಾಕಿ ಕಳಿಸುತ್ತೇನೆ.